ಶಾಲೆ ಮತ್ತೆ ತೆರೆಯುತ್ತಿದೆ: ಮಕ್ಕಳನ್ನು ಕಳಿಸುವುದೋ ಬೇಡವೋ, ಏನು ನೋಡಿ ತೀರ್ಮಾನಿಸುವುದು?

ಪ್ರಶ್ನೆ: ಎರಡು_ಚೀಲ

ನಮಸ್ಕಾರ. ಕೋವಿಡ್‌ನಿಂದ ಮುಚ್ಚಿದ್ದ ಶಾಲೆ ಇನ್ನು ಹತ್ತು ದಿನಕ್ಕೆ ತೆರೆಯುತ್ತದೆ. ಒಪ್ಪಿಗೆ ಪತ್ರ ಬಂದಿದೆ. ಅದರಲ್ಲಿ "ಕಳಿಸುತ್ತೇವೆ", "ಕಳಿಸುವುದಿಲ್ಲ" ಅಂತ ಎರಡೇ ಖಾನೆ. ಮಗಳಿಗೆ 13 ವರ್ಷ, ಲಸಿಕೆ ಎರಡೂ ಡೋಸ್ ಆಗಿದೆ. ಮಗನಿಗೆ 7, ಅವನಿಗೆ ಲಸಿಕೆ ಆಗಿಲ್ಲ. ಮನೆಯಲ್ಲಿ ಅತ್ತೆ ಇದ್ದಾರೆ, 71 ವರ್ಷ, ಸಕ್ಕರೆ ಕಾಯಿಲೆ. ಅವರಿಗೆ ಎರಡನೇ ಡೋಸ್ ಆಗಿ ಎಂಟು ತಿಂಗಳಾಯಿತು, ಬೂಸ್ಟರ್ ಆಗಿಲ್ಲ.

ಮಗನ ತರಗತಿಯಲ್ಲಿ 36 ಮಕ್ಕಳು. ಕೋಣೆ ಸುಮಾರು 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ. ಒಂದು ಗೋಡೆಗೆ ಮಾತ್ರ ಕಿಟಕಿ, ಎದುರು ಗೋಡೆಯಲ್ಲಿ ಬಾಗಿಲು. ಶಾಲೆಯವರು ಸ್ಯಾನಿಟೈಸರ್, ಗೇಟಿನಲ್ಲಿ ಜ್ವರ ನೋಡುವುದು, ದಿನಾ ಬೆಂಚು ಒರೆಸುವುದು, ಇವಿಷ್ಟನ್ನು ಹೇಳಿದ್ದಾರೆ. ಇಷ್ಟು ಸಾಕೇ? ಶಾಲೆಯವರ ಹತ್ತಿರ ಏನು ಕೇಳಬೇಕು? ಅತ್ತೆಯವರ ವಿಷಯದಲ್ಲಿ ಏನು ಮಾಡಬೇಕು? "ಧೈರ್ಯವಾಗಿ ಕಳಿಸಿ", "ಒಂದು ವರ್ಷ ಹೋದರೆ ಹೋಯಿತು ಬಿಡಿ" ಅನ್ನುವಂಥ ಮಾತು ಸಾಕಷ್ಟು ಕೇಳಿದ್ದೇವೆ. ಲೆಕ್ಕ ಹಾಕಿ ನೋಡುವಂಥದ್ದು ಬೇಕಾಗಿದೆ.

ಉತ್ತರ: ಗಾಳಿ_ಲೆಕ್ಕ

ಮೇಡಂ, ಶಾಲೆ ಹೇಳಿರುವ ಮೂರರಲ್ಲಿ ಒಂದೂ ಗಾಳಿಯ ಬಗ್ಗೆ ಇಲ್ಲ. ಈ ವೈರಸ್ ಹರಡುವುದು ಮುಖ್ಯವಾಗಿ ಉಸಿರಿನಿಂದ. ಮಾತಾಡುವಾಗ, ಹಾಡುವಾಗ, ಜೋರಾಗಿ ಓದುವಾಗ ಹೊರಬೀಳುವ ಸಣ್ಣ ಕಣಗಳು ಮುಚ್ಚಿದ ಕೋಣೆಯಲ್ಲಿ ಹೊಗೆಯ ಹಾಗೆ ತುಂಬಿಕೊಂಡು ಗಂಟೆಗಟ್ಟಲೆ ಉಳಿಯಬಲ್ಲವು. ಬೆಂಚು ಒರೆಸುವುದು ತಪ್ಪಲ್ಲ, ಆದರೆ ಆ ದುಡ್ಡು ಮೊದಲು ತೆರೆಯದೆ ಕೂತಿರುವ ಕಿಟಕಿಗಳ ರಿಪೇರಿಗೆ ಹೋಗಬೇಕು.

ನೀವು ಕೊಟ್ಟ ಅಳತೆಯಲ್ಲೇ ಲೆಕ್ಕ ಮಾಡೋಣ. 8 × 6 × 3 ಅಂದರೆ 144 ಘನ ಮೀಟರ್. ಗಂಟೆಗೆ 6 ಸಲ ಗಾಳಿ ಪೂರ್ತಿ ಬದಲಾಗಬೇಕೆಂದರೆ 864 ಘನ ಮೀಟರ್ ಹೊಸ ಗಾಳಿ ಬೇಕು. ಕೇಳಲು ಚೆನ್ನಾಗಿದೆ, ಆದರೆ ತುಂಬಿದ ಕೋಣೆಗೆ "ಗಂಟೆಗೆ ಎಷ್ಟು ಸಲ" ಅನ್ನುವ ಲೆಕ್ಕ ಮೋಸ ಮಾಡುತ್ತದೆ. ತಲೆಗೆ ಎಷ್ಟು ಅಂತ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್. 36 ಮಕ್ಕಳು, ಒಬ್ಬರು ಟೀಚರು, ಒಟ್ಟು 370 ಲೀಟರ್, ಅಂದರೆ ಗಂಟೆಗೆ 1,332 ಘನ ಮೀಟರ್. ಕೋಣೆಯ ಗಾಳಿ ಗಂಟೆಗೆ 9 ಸಲಕ್ಕೂ ಹೆಚ್ಚು ಬದಲಾಗಬೇಕಾಯಿತು. ಒಂದೇ ಗೋಡೆಯ ಕಿಟಕಿಯಿಂದ ಗಾಳಿಯಿಲ್ಲದ ದಿನ ಇಷ್ಟು ಬರುವುದಿಲ್ಲ.

ಏನು ಮಾಡಬಹುದು? ಬಾಗಿಲನ್ನು ಪಾಠದ ಹೊತ್ತಿಗೂ ತೆರೆದಿಟ್ಟು, ಅದರಾಚೆಯ ಕಾರಿಡಾರಿನ ಕಿಟಕಿಯೂ ತೆರೆದಿದ್ದರೆ ಗಾಳಿ ಅಡ್ಡ ಹಾಯುತ್ತದೆ. ಕಾರಿಡಾರ್ ಮುಚ್ಚಿದ್ದರೆ ಪಕ್ಕದ ತರಗತಿಯ ಗಾಳಿಯೇ ಒಳಗೆ ಬಂದೀತು, ಅದನ್ನು ಹೋಗಿ ನೋಡಿ. ಒಂದು ಕಿಟಕಿಗೆ ಗಾಳಿಯನ್ನು ಹೊರಕ್ಕೆ ದೂಡುವ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ, ಉಳಿದ ಕಿಟಕಿಗಳಿಂದ ಹೊಸ ಗಾಳಿ ತಾನಾಗಿ ಬರುತ್ತದೆ. ಫ್ಯಾನಿನ ಸುತ್ತ ಉಳಿಯುವ ಸಂದನ್ನು ರಟ್ಟಿನಿಂದ ಮುಚ್ಚಲೇಬೇಕು, ಇಲ್ಲದಿದ್ದರೆ ದೂಡಿದ ಗಾಳಿ ಅದೇ ಸಂದಿನಿಂದ ವಾಪಸ್ ಬರುತ್ತದೆ. ಸೀಲಿಂಗ್ ಫ್ಯಾನ್ ಇರುವ ಗಾಳಿಯನ್ನೇ ಕಲಸುತ್ತದೆ, ಹೊಸ ಗಾಳಿ ತರುವುದಿಲ್ಲ. ಗೋಡೆಯ ಸ್ಪ್ಲಿಟ್ ಎಸಿಯೂ ಅಷ್ಟೇ. ಅದಕ್ಕಾಗಿ ಕಿಟಕಿ ಮುಚ್ಚುವುದರಿಂದ ಸ್ಥಿತಿ ಇನ್ನೂ ಕೆಡುತ್ತದೆ.

ಉಳಿದ ಕೊರತೆಗೆ ಹೆಪಾ ಫಿಲ್ಟರಿನ (ಅತಿ ಸಣ್ಣ ಕಣಗಳನ್ನೂ ಹಿಡಿಯುವಂಥದ್ದು) ಏರ್ ಪ್ಯೂರಿಫೈಯರ್. ಅದರ ಮೇಲೆ ಸಿಎಡಿಆರ್ ಅಂತ ಒಂದು ಅಂಕಿ ಇರುತ್ತದೆ: ಗಂಟೆಗೆ ಇಷ್ಟು ಘನ ಮೀಟರ್ ಶುದ್ಧ ಗಾಳಿ. 300ರ ಎರಡು ಇಟ್ಟರೆ 600. ಕಿಟಕಿಯಿಂದ ಇನ್ನು 732 ಬಂದರೆ ಸಾಕಾಗುತ್ತದೆ. ಲೆಕ್ಕ ತಪ್ಪುವುದು ಇಲ್ಲಿ: ಆ 300 ಅತಿ ಹೆಚ್ಚಿನ ವೇಗದ ಅಂಕಿ. ಆ ವೇಗದಲ್ಲಿ ಸದ್ದು ಜಾಸ್ತಿ, ಟೀಚರ ಮಾತು ಹಿಂದಿನ ಬೆಂಚಿಗೆ ಕೇಳುವುದಿಲ್ಲ, ಎರಡನೇ ದಿನಕ್ಕೇ ವೇಗ ಇಳಿಸುತ್ತಾರೆ. ಪಾಠ ನಡೆಯುವಾಗ ಸಹಿಸಬಹುದಾದ ವೇಗದಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳಿಯೇ ಎಷ್ಟು ಬೇಕೆಂದು ತೀರ್ಮಾನಿಸಲಿ. ಅಯಾನ್ ಬಿಡುವ ಯಂತ್ರ, ಓಜೋನ್ ಯಂತ್ರ, ಕೋಣೆಗೆಲ್ಲ ಔಷಧಿ ಹೊಗೆ ಹಾಕುವುದು ಬೇಡ. ಓಜೋನ್ ಮಕ್ಕಳ ಶ್ವಾಸಕೋಶಕ್ಕೇ ಕೆಟ್ಟದ್ದು.

ಗಾಳಿ ಸಾಕಾಗುತ್ತಿದೆಯೇ ಅಂತ ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದು ಸಾಕು. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು. ತರಗತಿಯಲ್ಲಿ 800ರೊಳಗಿದ್ದರೆ ಒಳ್ಳೆಯದು. 1,000 ದಾಟಿದರೆ ಇನ್ನಷ್ಟು ತೆರೆಯಬೇಕು. 1,500ಕ್ಕೆ ಹೋದರೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಕೋಣೆ ಖಾಲಿ ಬಿಡಬೇಕು. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ಸುಮಾರು 38,000 ಪಿಪಿಎಂ ಇರುತ್ತದೆ. ಹಾಗಾಗಿ ಮೀಟರ್ 1,200 ತೋರಿಸಿದರೆ, ಒಳಗೆಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೇರೆಯವರ ಶ್ವಾಸಕೋಶದಿಂದ ಬಂದದ್ದು. ನಿಮ್ಮ ಕೋಣೆಯಲ್ಲಿ ಗಂಟೆಗೆ 6 ಸಲ ಹೊಸ ಗಾಳಿ ಬಂದರೂ 36 ಮಕ್ಕಳಿದ್ದರೆ ಸುಮಾರು 1,000ಕ್ಕೆ ನಿಲ್ಲುತ್ತದೆ. ಅರ್ಧ ಮಕ್ಕಳು ಬಂದರೆ ಅದೇ ಕಿಟಕಿಯಲ್ಲಿ 720ರ ಆಸುಪಾಸು. ದಿನ ಬಿಟ್ಟು ದಿನ ಅರ್ಧರ್ಧ ತರಗತಿ ಮಾಡಿ ಅಂತ ಕೇಳುವುದಕ್ಕೆ ಇದು ಗಟ್ಟಿ ಕಾರಣ.

ಮೀಟರ್ ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಈ ಅನಿಲವನ್ನೇ ಅಳೆಯುವಂಥದ್ದು) ಇದೆಯೇ ನೋಡಿ. ಅಗ್ಗದ ಕೆಲವು ಯಂತ್ರಗಳು ಬೇರೆ ಆವಿಗಳನ್ನು ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ. ಪಕ್ಕದಲ್ಲಿ ಸ್ಯಾನಿಟೈಸರ್ ಹಚ್ಚಿದ ಕೈ ಹಿಡಿದಾಗ ಅಂಕಿ ಮೇಲಕ್ಕೆ ಜಿಗಿದರೆ ಅದು ಆ ಜಾತಿಯದು. ಮೊದಲು ಬಯಲಿನಲ್ಲಿಟ್ಟು 420ರ ಹತ್ತಿರ ತೋರಿಸುತ್ತದೆಯೇ ನೋಡಿ. ಕೋಣೆಯಲ್ಲಿ ಕೂತವರ ತಲೆಯ ಎತ್ತರಕ್ಕೆ, ಕಿಟಕಿಯಿಂದಲೂ ಯಾರ ಬಾಯಿಯಿಂದಲೂ ಒಂದೂವರೆ ಮೀಟರ್ ದೂರದಲ್ಲಿಟ್ಟು, ತರಗತಿ ಶುರುವಾಗಿ 40 ನಿಮಿಷವಾದ ಮೇಲೆ ಓದಬೇಕು. ಐದೇ ನಿಮಿಷಕ್ಕೆ ಓದಿದರೆ ಎಲ್ಲ ಕೋಣೆಯೂ ಚೆನ್ನಾಗಿಯೇ ಕಾಣುತ್ತದೆ. ಪ್ಯೂರಿಫೈಯರ್ ವೈರಸ್ ಕಣ ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಿಲ್ಲ. ಆದ್ದರಿಂದ ಅದು ಓಡುತ್ತಿರುವ ಕೋಣೆಯಲ್ಲಿ ಮೀಟರಿನ ಅಂಕಿ ಅಪಾಯವನ್ನು ಸ್ವಲ್ಪ ಹೆಚ್ಚಾಗಿಯೇ ತೋರಿಸುತ್ತದೆ.

ಶಾಲಾ ಬಸ್ಸಿನಲ್ಲಿ ಮುಂದಿನ ಒಂದು, ಹಿಂದಿನ ಒಂದು ಕಿಟಕಿ ಎದುರುಬದುರು ಬದಿಯಲ್ಲಿ ನಾಲ್ಕು ಬೆರಳು ತೆರೆದಿದ್ದರೂ ಗಾಳಿ ಓಡಾಡುತ್ತದೆ.

ಉತ್ತರ: ಮಕ್ಕಳ_ಡಾಕ್ಟರ್

ಗಾಳಿಯ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ಮನೆಯ ಕಡೆಯಿಂದ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಹೆಚ್ಚು ಅಪಾಯ ಇರುವುದು ಮಗನಿಗಲ್ಲ, ಅತ್ತೆಯವರಿಗೆ. ಆರೋಗ್ಯವಾಗಿರುವ 7 ವರ್ಷದ ಮಗುವಿಗೆ ಕಾಯಿಲೆ ತೀವ್ರವಾಗುವುದು ಅಪರೂಪ, ವಯಸ್ಸು ಏರಿದಂತೆ ಅಪಾಯ ಏರುತ್ತಾ ಹೋಗುತ್ತದೆ. ಬೂಸ್ಟರ್ ಹಾಕಿಸಿದ ಮೇಲೆ ರಕ್ಷಣೆ ಪೂರ್ತಿ ಬರಲು ಸುಮಾರು ಎರಡು ವಾರ ಬೇಕು. ಶಾಲೆಗೆ ಹತ್ತೇ ದಿನ ಇದೆ, ಆದ್ದರಿಂದ ಈ ವಾರವೇ ಹಾಕಿಸಿ, ಮಕ್ಕಳನ್ನು ನಾಲ್ಕೈದು ದಿನ ತಡವಾಗಿ ಕಳಿಸಿ. ಈ ನಾಲ್ಕೈದು ದಿನಕ್ಕೆ ಪಾಠ ಹಾಳಾಗುವುದಿಲ್ಲ. ಮನೆಯ ಉಳಿದ ದೊಡ್ಡವರ ಲಸಿಕೆಯೂ ಬಾಕಿ ಇರಬಾರದು. ಹಾಗೆಯೇ ಲಾಕ್‌ಡೌನ್‌ನಲ್ಲಿ ತಪ್ಪಿಹೋದ ಮಕ್ಕಳ ಮಾಮೂಲಿ ಲಸಿಕೆಗಳ ಕಾರ್ಡನ್ನೂ ತೆಗೆದು ನೋಡಿ. ಶಾಲೆ ತೆರೆದರೆ ದಡಾರವೂ ಬರಬಹುದು.

ಕೆಲವು ಮಕ್ಕಳ ವಿಷಯ ಬೇರೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿಯಾದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಹೃದಯದ ದೊಡ್ಡ ತೊಂದರೆ ಇರುವವರು, ಸ್ನಾಯು ದೌರ್ಬಲ್ಯದಿಂದ ಸರಿಯಾಗಿ ಕೆಮ್ಮಲಾಗದವರು, ತೀವ್ರ ಬೊಜ್ಜು ಇರುವವರು. ಇವರ ತೀರ್ಮಾನ ಅವರವರ ಡಾಕ್ಟರ ಜೊತೆ ಕೂತು ಆಗಬೇಕು. ಹತೋಟಿಯಲ್ಲಿರುವ ಆಸ್ತಮಾ ಒಂದೇ ಕಾರಣಕ್ಕೆ ಮಗುವನ್ನು ಮನೆಯಲ್ಲಿ ಕೂರಿಸಬೇಕಿಲ್ಲ. ಇನ್‌ಹೇಲರ್ ಚೀಲದಲ್ಲಿರಲಿ, ಅದು ಎಲ್ಲಿದೆ ಅಂತ ಟೀಚರಿಗೆ ಗೊತ್ತಿರಲಿ.

ಮಾಸ್ಕ್: 5 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಬೇಡ, 6ರಿಂದ 11ರವರಿಗೆ ಸೋಂಕು ಹರಡುತ್ತಿರುವ ಪರಿಸ್ಥಿತಿ ನೋಡಿ, 12 ದಾಟಿದವರಿಗೆ ದೊಡ್ಡವರ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದನ್ನೇ. ಬಟ್ಟೆ ಎಷ್ಟು ಒಳ್ಳೆಯದಾದರೂ ಮೂಗಿನ ಪಕ್ಕ ಸಂದು ಇದ್ದರೆ ಪ್ರಯೋಜನ ಕಡಿಮೆ. ಹಾಕಿಸಿ, ಜೋರಾಗಿ ಉಸಿರೆಳೆಯಲು ಹೇಳಿ. ಮಾಸ್ಕ್ ಸ್ವಲ್ಪ ಒಳಕ್ಕೆ ಎಳೆದುಕೊಂಡರೆ ಸರಿಯಾಗಿ ಕೂತಿದೆ. ಕನ್ನಡಕ ಮಂಜಾದರೆ ಮೇಲಿನಿಂದ ಗಾಳಿ ಸೋರುತ್ತಿದೆ, ಮೂಗಿನ ತಂತಿಯನ್ನು ಒತ್ತಿ ಕೂರಿಸಿ. ದೊಡ್ಡವರ ಎನ್95 ಮಗುವಿನ ಮುಖಕ್ಕೆ ಕೂರುವುದಿಲ್ಲ, ಮಕ್ಕಳ ಅಳತೆಯ ಕೆಎಫ್94 (ಕೊರಿಯಾದ ಮಾನದಂಡದ ಮಾಸ್ಕ್) ಥರದ್ದು ಎಷ್ಟೋ ವಾಸಿ. ಕವಾಟ ಇರುವ ಮಾಸ್ಕ್ ಬೇಡ, ಅದು ಬಿಡುವ ಉಸಿರನ್ನು ಸೋಸುವುದಿಲ್ಲ. ಒದ್ದೆಯಾದದ್ದನ್ನು ಹಾಕಲು ಒಂದು ಕಾಗದದ ಚೀಲ, ಎರಡು ಹೊಸ ಮಾಸ್ಕ್ ಜೊತೆಗಿರಲಿ. ಬಯಲಲ್ಲಿ ಓಡಾಡಿ ಆಡುವಾಗ ತೆಗೆಯಲಿ.

ಎಲ್ಲ ಮಕ್ಕಳೂ ಒಟ್ಟಿಗೆ ಮಾಸ್ಕ್ ತೆಗೆದು, ಎದುರುಬದುರು ಕೂತು ಮಾತಾಡುವುದು ಊಟದ ಹೊತ್ತಿನಲ್ಲಿ. ಇಡೀ ದಿನದಲ್ಲಿ ಇದಕ್ಕಿಂತ ಅಪಾಯದ ಹೊತ್ತಿಲ್ಲ. ಊಟ ಹೊರಗೆ ಮರದಡಿಯೋ ಜಗಲಿಯಲ್ಲೋ ಆಗುವಂತೆ ಪಟ್ಟು ಹಿಡಿಯಿರಿ.

ಯಾವಾಗ ಕಳಿಸಬಾರದು? 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಹೊಸದಾಗಿ ಕೆಮ್ಮು ಶುರುವಾದರೆ, ಗಂಟಲು ನೋವು, ವಾಂತಿಭೇದಿ ಇದ್ದರೆ ಮನೆಯಲ್ಲೇ ಇರಲಿ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿ ಕಳಿಸುವುದು ಅತಿ ದೊಡ್ಡ ತಪ್ಪು. ಗೇಟಿನ ಥರ್ಮಾಮೀಟರಿಗೆ ಅದು ಸಿಗುವುದಿಲ್ಲ, ಸೋಂಕಿದ್ದೂ ಜ್ವರವೇ ಬಾರದ ಮಕ್ಕಳೂ ಬೇಕಾದಷ್ಟಿದ್ದಾರೆ. ಮನೆಯಲ್ಲಿ ರ್‍ಯಾಪಿಡ್ ಟೆಸ್ಟ್ ಮಾಡುವುದಾದರೆ ಕಿಟ್ಟಿನಲ್ಲಿ ಬರೆದಷ್ಟೇ ನಿಮಿಷಕ್ಕೆ ಓದಿ. ತಡವಾಗಿ ನೋಡಿದಾಗ ಮೂಡುವ ಗೆರೆಯನ್ನು ನಂಬಬಾರದು. ಲಕ್ಷಣವಿದ್ದೂ ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಮೊದಲ ದಿನ ಮೂಗಿನಲ್ಲಿ ವೈರಸ್ ಇನ್ನೂ ಕಡಿಮೆ ಇದ್ದು ತಪ್ಪಿಹೋಗುವುದು ಸಾಮಾನ್ಯ. ಪಾಸಿಟಿವ್ ಬಂದರೆ ಲಕ್ಷಣ ಶುರುವಾದ ದಿನವನ್ನು ಸೊನ್ನೆ ಅಂತ ಹಿಡಿದು ಎಣಿಸಿ. ಹರಡುವ ಕಾಲ ಲಕ್ಷಣಕ್ಕೆ ಎರಡು ದಿನ ಮುಂಚೆಯೇ ಶುರುವಾಗಿ, ಹೆಚ್ಚಿನವರಲ್ಲಿ 8ರಿಂದ 10 ದಿನಕ್ಕೆ ಮುಗಿಯುತ್ತದೆ. ವಾಪಸ್ ಸೇರಿಸಿಕೊಳ್ಳಲು ಆರ್‌ಟಿ-ಪಿಸಿಆರ್ ನೆಗೆಟಿವ್ ಬೇಕು ಅನ್ನುವ ಶಾಲೆಗೆ ತಿಳಿಹೇಳಿ: ಆ ಪರೀಕ್ಷೆ ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು.

ಮಗುವಿಗೆ ಸೋಂಕಾದರೆ ಮನೆಯಲ್ಲಿ ನೋಡಬೇಕಾದ್ದು ಉಸಿರಾಟ. ಮಗು ಸುಮ್ಮನಿದ್ದಾಗ ಪೂರ್ತಿ 60 ಸೆಕೆಂಡ್ ಎಣಿಸಿ. 1ರಿಂದ 5 ವರ್ಷದವರಲ್ಲಿ ನಿಮಿಷಕ್ಕೆ 40 ಮುಟ್ಟಿದರೆ, ದೊಡ್ಡ ಮಕ್ಕಳಲ್ಲಿ 30 ದಾಟಿದರೆ ಡಾಕ್ಟರಿಗೆ ತೋರಿಸಿ. ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯುವುದು, ತುಟಿ ನೀಲಿಯಾಗುವುದು, ನೀರು ಕುಡಿಯಲಾಗದಿರುವುದು, ಎಬ್ಬಿಸಿದರೂ ಮಂಪರು, ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ಮೊದಲು ಬೆರಳು ತಣ್ಣಗಿದೆಯೇ, ಉಗುರುಬಣ್ಣ ಇದೆಯೇ ನೋಡಿ, ಬೆಚ್ಚಗೆ ಮಾಡಿ ಮತ್ತೆ ಹಾಕಿ. ಆಗಲೂ ಕಡಿಮೆ ಇದ್ದರೆ ಕಾಯಬೇಡಿ. ಸೋಂಕು ಕಳೆದು 2ರಿಂದ 6 ವಾರಕ್ಕೆ ಬಿಡದ ಜ್ವರ, ಕೆಂಗಣ್ಣು, ಮೈಮೇಲೆ ದದ್ದು, ಹೊಟ್ಟೆನೋವು ಕಾಣಿಸಿಕೊಂಡರೆ ಅದು ಎಂಐಎಸ್-ಸಿ, ಅಂದರೆ ಸೋಂಕಿನ ನಂತರ ಮಕ್ಕಳ ಹಲವು ಅಂಗಗಳಲ್ಲಿ ಕಾಣುವ ಉರಿಯೂತ ಇರಬಹುದು. ಅಪರೂಪದ್ದು, ಆದರೆ ಬೇಗ ತೋರಿಸಿದರೆ ಗುಣವಾಗುವಂಥದ್ದು.

ಕೊನೆಯದಾಗಿ, ದಯವಿಟ್ಟು ಯಾರೂ ಮಗುವಿಗೆ "ನಿನ್ನಿಂದ ಅಜ್ಜಿಗೆ ಬಂದುಬಿಡುತ್ತದೆ" ಅನ್ನಬೇಡಿ. ನಾಳೆ ಅಜ್ಜಿಗೆ ಏನಾದರೂ ಆದರೆ ಆ ಭಾರವನ್ನು ಆ ಮಗು ಬಹಳ ಕಾಲ ಹೊತ್ತುಕೊಂಡಿರುತ್ತದೆ. ಅಜ್ಜಿ ಬೇರೆ ಕೋಣೆಯಲ್ಲಿ ಮಲಗಲಿ, ಮಕ್ಕಳಿಗೆ ನೆಗಡಿ ಇದ್ದಾಗ ಅಜ್ಜಿ ಮಾಸ್ಕ್ ಹಾಕಿಕೊಳ್ಳಲಿ. ನಿಯಮ ದೊಡ್ಡವರಿಗಿರಲಿ.

ಉತ್ತರ: ಅಂಕಿ_ನೋಟ

"ಶಾಲೆ ಸುರಕ್ಷಿತವೇ" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ, ಊರಿನಲ್ಲಿ ಸೋಂಕು ಎಷ್ಟಿದೆ ಅನ್ನುವುದರ ಮೇಲೆ ಅದು ವಾರವಾರವೂ ಬದಲಾಗುತ್ತದೆ. ಹೀಗೆ ಅಂದಾಜು ಮಾಡಿ. ಉದಾಹರಣೆಗೆ 10 ಲಕ್ಷ ಜನರಿರುವ ಕಡೆ ದಿನಕ್ಕೆ 100 ಹೊಸ ಪ್ರಕರಣ. ಹತ್ತು ದಿನಕ್ಕೆ 1,000. ಐದರಲ್ಲಿ ಒಂದೇ ಲೆಕ್ಕಕ್ಕೆ ಸಿಗುತ್ತಿದೆ ಅಂತಿಟ್ಟುಕೊಂಡರೆ ನಿಜವಾಗಿ 5,000, ಅಂದರೆ 200 ಜನರಲ್ಲಿ ಒಬ್ಬರು. 37 ಜನರ ಕೋಣೆಯಲ್ಲಿ ಒಬ್ಬರಾದರೂ ಸೋಂಕಿತರಿರುವ ಸಾಧ್ಯತೆ ನೂರಕ್ಕೆ 17. ಸಾವಿರದಲ್ಲಿ ಒಬ್ಬರಿಗೆ ಸೋಂಕಿದ್ದರೆ ಅದು 4ಕ್ಕೂ ಕಡಿಮೆ. ನೂರರಲ್ಲಿ ಒಬ್ಬರಾದರೆ 31. ಆಗಲೂ ಅರ್ಧ ತರಗತಿ ಮಾಡಿದರೆ 17ಕ್ಕೆ ಇಳಿಯುತ್ತದೆ. ಲಕ್ಷಣ ಇರುವವರನ್ನು ಎಲ್ಲರೂ ಮನೆಯಲ್ಲೇ ಇರಿಸಿಕೊಂಡರೆ ಇನ್ನಷ್ಟು ಕಡಿಮೆ.

ಒಂದು ದಿನದ ಅಂಕಿ ನೋಡಬೇಡಿ, ರಜಾ ದಿನ ಪರೀಕ್ಷೆ ಕಡಿಮೆ ಆಗಿ ಅಂಕಿಯೂ ಇಳಿದಂತೆ ಕಾಣುತ್ತದೆ. 7 ದಿನದ ಸರಾಸರಿ ನೋಡಿ, ಜೊತೆಗೆ ಪಾಸಿಟಿವಿಟಿ ದರ, ಅಂದರೆ ನೂರು ಪರೀಕ್ಷೆಯಲ್ಲಿ ಎಷ್ಟು ಪಾಸಿಟಿವ್ ಬಂತು ಅನ್ನುವುದು. ಅದು ಎರಡು ವಾರ ಸತತವಾಗಿ 5ರೊಳಗಿದ್ದರೆ ಪರೀಕ್ಷೆಯೂ ಸಾಕಷ್ಟು ಆಗುತ್ತಿದೆ, ಹರಡುವಿಕೆಯೂ ಹಿಡಿತದಲ್ಲಿದೆ ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಆಸ್ಪತ್ರೆಯ ಹಾಸಿಗೆ ತುಂಬುವುದನ್ನು ಕಾಯುತ್ತಾ ಕೂತರೆ ಎರಡು ವಾರ ತಡ. ಅದಕ್ಕೇ, ಯಾವ ಅಂಕಿಗೆ ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತೀರಿ, ಯಾವ ಅಂಕಿಗೆ ಮತ್ತೆ ಕಳಿಸುತ್ತೀರಿ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಗಾಬರಿಯ ದಿನ ಮಾಡುವ ತೀರ್ಮಾನ ಸರಿಯಾಗುವುದು ಕಡಿಮೆ.

ಉತ್ತರ: ಸೀಮೆಸುಣ್ಣ

ಶಾಲೆಯ ಒಳಗಿನಿಂದ ಕೆಲವು ಮಾತು. 2020ರ ಏಪ್ರಿಲ್ ಹೊತ್ತಿಗೆ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ಮಕ್ಕಳು, ಯುವಕರು ತರಗತಿಯಿಂದ ಹೊರಗಿದ್ದರು. ಮನೆಯಲ್ಲಿ ಕೂತದ್ದಕ್ಕೂ ಬೆಲೆ ಇದೆ, ಆ ಬೆಲೆ ಎಲ್ಲ ವಯಸ್ಸಿಗೂ ಒಂದೇ ಅಲ್ಲ. 13 ವರ್ಷದ ಹುಡುಗಿ ಪುಸ್ತಕ ಹಿಡಿದು ತಾನೇ ಓದಬಲ್ಲಳು. 7 ವರ್ಷದವನು ಓದುವುದನ್ನೇ ಕಲಿಯುವ ವಯಸ್ಸಿನಲ್ಲಿದ್ದಾನೆ. ಅಕ್ಷರ ಕೂಡಿಸಿ ಓದುವುದನ್ನು ಮೊಬೈಲ್ ಪರದೆಯಲ್ಲಿ ಕಲಿಸುವುದು ತೀರಾ ಕಷ್ಟ. ಲಸಿಕೆ ಇಲ್ಲದ ಚಿಕ್ಕವನಿಗೇ ಶಾಲೆಯ ಅಗತ್ಯ ಹೆಚ್ಚು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಡ್‌ಮಾಸ್ಟರನ್ನು ಕಂಡು ಕೇಳಬೇಕಾದ್ದು: ಯಾರು ಯಾವ ಬೆಂಚಿನಲ್ಲಿ ಅನ್ನುವ ನಕ್ಷೆ ಇದೆಯೇ, ದಿನಾ ಅದೇ ಜಾಗವೇ? ನಕ್ಷೆ ಇಲ್ಲದ ಶಾಲೆಯಲ್ಲಿ ಒಂದು ಪ್ರಕರಣ ಬಂದರೆ ಇಡೀ ತರಗತಿಯನ್ನೋ ಇಡೀ ಶಾಲೆಯನ್ನೋ ಮುಚ್ಚಬೇಕಾಗುತ್ತದೆ. ಪಾಸಿಟಿವ್ ಬಂದರೆ ಪೋಷಕರಿಗೆ ಯಾರು, ಎಷ್ಟು ಗಂಟೆಯೊಳಗೆ ತಿಳಿಸುತ್ತಾರೆ? ಮನೆಯಲ್ಲಿ ಉಳಿದ ಮಗುವಿಗೆ ಪಾಠ ಹೇಗೆ ಮುಟ್ಟುತ್ತದೆ? ಟೀಚರುಗಳಿಗೆಲ್ಲ ಲಸಿಕೆ ಆಗಿದೆಯೇ? ಸ್ಟಾಫ್ ರೂಮಿನಲ್ಲಿ ಕಿಟಕಿ ಮುಚ್ಚಿ ಒಟ್ಟಿಗೆ ಕೂತು ಊಟ ಮಾಡುತ್ತಾರೆಯೇ? ಇದನ್ನು ಪೋಷಕರು ಕೇಳುವುದೇ ಇಲ್ಲ, ಆದರೆ ದೊಡ್ಡವರಿಂದ ದೊಡ್ಡವರಿಗೆ ಹರಡಿ ನಾಲ್ಕು ಟೀಚರು ಒಟ್ಟಿಗೆ ರಜೆ ಹಾಕಿದರೆ ಶಾಲೆ ತಾನಾಗಿ ನಿಲ್ಲುತ್ತದೆ. ಪೂರ್ತಿ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಇದ್ದರೆ ಈ ವರ್ಷ ನಿಲ್ಲಿಸಲಿ, ಜ್ವರ ಬಂದ ಮಗುವನ್ನು ಶಾಲೆಗೆ ಎಳೆದು ತರುವುದೇ ಅದು.

ಉಳಿದ ಹತ್ತು ದಿನದಲ್ಲಿ ಮಕ್ಕಳನ್ನು ದಿನಾ 15 ನಿಮಿಷ ಮುಂಚೆ ಮಲಗಿಸಿ, 15 ನಿಮಿಷ ಮುಂಚೆ ಎಬ್ಬಿಸುತ್ತಾ ಬನ್ನಿ. ಚಿಕ್ಕವನು ಊಟದ ಡಬ್ಬಿ, ನೀರಿನ ಬಾಟಲಿಯ ಮುಚ್ಚಳ ತಾನೇ ತೆಗೆಯಲಿ. ಈಗ ಟೀಚರು ಬಂದು ತೆಗೆದುಕೊಡುವ ಹಾಗಿಲ್ಲ.

ಎರಡು_ಚೀಲ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಅನುಮಾನ ಉಳಿದಿದೆ. ಮಗ ಮಾಸ್ಕನ್ನು ಒಂದು ಗಂಟೆಯೂ ಇಟ್ಟುಕೊಳ್ಳುವುದಿಲ್ಲ. ಮತ್ತೆ, ಮಗಳನ್ನು ಮಾತ್ರ ಕಳಿಸಿ ಅವನನ್ನು ಒಂದು ತಿಂಗಳು ನಿಲ್ಲಿಸಿಕೊಂಡರೆ ಅತ್ತೆಗೆ ಅಪಾಯ ಅರ್ಧ ಆಗುತ್ತದೆಯೇ?

ಮಕ್ಕಳ_ಡಾಕ್ಟರ್

ಅರ್ಧ ಆಗುವುದಿಲ್ಲ ಮೇಡಂ. ಮಗಳಿಗೆ ಬಂದರೆ ಒಂದೇ ಮನೆಯಲ್ಲಿರುವ ಮಗನಿಗೂ ಬರಬಹುದು, ಅತ್ತೆಗೂ ಬರಬಹುದು. ಲಸಿಕೆಯಾದವರಿಂದಲೂ ಹರಡುತ್ತದೆ. ದೊಡ್ಡವರು ಕೆಲಸಕ್ಕೆ ಹೋಗಿ ಬರುವ ಅಪಾಯವೂ ಇದ್ದೇ ಇದೆ. ಅತ್ತೆಯವರ ಬೂಸ್ಟರ್, ಸಕ್ಕರೆಯ ಹತೋಟಿ, ಬೇರೆ ಕೋಣೆಯ ತೆರೆದ ಕಿಟಕಿ, ಈ ಮೂರು ಮಾಡುವ ಕೆಲಸವನ್ನು ಮಗನನ್ನು ನಿಲ್ಲಿಸಿಕೊಳ್ಳುವುದು ಮಾಡಲಾರದು.

ಮಾಸ್ಕನ್ನು ಶಾಲೆಯ ಮೊದಲ ದಿನವೇ ಅಭ್ಯಾಸ ಮಾಡಿಸಲು ಹೋಗಬೇಡಿ. ಮನೆಯಲ್ಲಿ ಅವನಿಗೆ ಇಷ್ಟವಾದ ಕೆಲಸ ಮಾಡುವಾಗ ಮೊದಲ ದಿನ 15 ನಿಮಿಷ, ಆಮೇಲೆ ದಿನಾ 15 ನಿಮಿಷ ಹೆಚ್ಚಿಸಿ. ಕಿವಿಯ ಹಿಂದೆ ಉಜ್ಜಿ ನೋವಾಗಿ ಕಿತ್ತೆಸೆಯುವ ಮಕ್ಕಳೇ ಹೆಚ್ಚು. ತಲೆಯ ಹಿಂದೆ ಎರಡೂ ದಾರವನ್ನು ಹಿಡಿದಿಡುವ ಒಂದು ಪಟ್ಟಿ ಹಾಕಿ, ಕಿವಿಯ ಮೇಲಿನ ಎಳೆತ ಹೋಗುತ್ತದೆ. ಆಗಲೂ ನಿಲ್ಲದಿದ್ದರೆ ಕಿಟಕಿ ಪಕ್ಕದ ಬೆಂಚು ಕೇಳಿ.

ಸೀಮೆಸುಣ್ಣ

ಪತ್ರದಲ್ಲಿ ಎರಡೇ ಖಾನೆ ಇದ್ದರೂ ಕೆಳಗೆ ಜಾಗ ಇದ್ದೇ ಇರುತ್ತದೆ. "ಕಳಿಸುತ್ತೇವೆ" ಗುರುತು ಹಾಕಿ, ಅದರಡಿ ಬರೆಯಿರಿ: ಮನೆಯಲ್ಲಿ ಅಪಾಯದ ವಯಸ್ಸಿನವರಿದ್ದಾರೆ, ಇಂಥ ತಾರೀಖಿನಿಂದ ಕಳಿಸುತ್ತೇವೆ, ತರಗತಿಯಲ್ಲಿ ಪ್ರಕರಣ ಬಂದರೆ ಅದೇ ದಿನ ಈ ನಂಬರಿಗೆ ತಿಳಿಸಿ, ಊಟ ಹೊರಗೆ ಆಗಲಿ. "ಏನಾದರೂ ಆದರೆ ಶಾಲೆ ಹೊಣೆಯಲ್ಲ" ಅನ್ನುವ ಸಾಲು ಇದ್ದರೆ ಅದರ ಪಕ್ಕ "ಈ ಅಂಶಕ್ಕೆ ಒಪ್ಪಿಗೆ ಇಲ್ಲ" ಅಂತ ಬರೆದು ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಂಡು ಕೊಡಿ. ಹಾಗೆಯೇ ಇನ್ನು ನಾಲ್ಕೈದು ಪೋಷಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರು ಕೇಳಿದರೆ ಕಿಟಕಿ ರಿಪೇರಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಐದು ಜನ ಕೇಳಿದರೆ ಶಾಲೆ ತೆರೆಯುವುದರೊಳಗೆ ಆಗುತ್ತದೆ.